ಪಿಎಚ್‌ಡಿ ಮುಗಿಸಿ ಕ್ವಾಂಟ್ ಕೆಲಸಕ್ಕೆ ಹೊರಟವರೇ, ರೆಸ್ಯೂಮೆಯಲ್ಲಿರುವ ಆ ಬ್ಯಾಕ್‌ಟೆಸ್ಟ್ ಇನ್ನೊಮ್ಮೆ ನೋಡಿ

ಮಷೀನ್ ಲರ್ನಿಂಗ್‌ನಲ್ಲಿ ಪಿಎಚ್‌ಡಿ ಮಾಡಿದ ಒಬ್ಬರಿಗೆ ಬೆಂಗಳೂರಿನ ಟ್ರೇಡಿಂಗ್ ಕಂಪನಿಯೊಂದರ ಸಂದರ್ಶನದ ಕೊನೆಯ ಸುತ್ತಿನಲ್ಲಿ ಕ್ವಾಂಟ್ ಕೆಲಸ (ಗಣಿತದ ಮಾಡೆಲ್‌ಗಳಿಂದ ಷೇರು ವ್ಯಾಪಾರ ಮಾಡುವುದು) ತಪ್ಪಿತು. ಸಂಭವನೀಯತೆ, ಕೋಡಿಂಗ್ ಎಲ್ಲ ದಾಟಿ ಬಂದಿದ್ದರು. ಕೆಡಿಸಿದ್ದು ರೆಸ್ಯೂಮೆಯ ಒಂದೇ ಸಾಲು: ‘ನಿಫ್ಟಿ 50 ಷೇರುಗಳ ಮೇಲೆ ಮಾಡೆಲ್, ಶಾರ್ಪ್ ಅನುಪಾತ 3.1’. ಅಂದರೆ ದೇಶದ 50 ದೊಡ್ಡ ಕಂಪನಿಗಳ ನಿಫ್ಟಿ ಸೂಚ್ಯಂಕದ ಷೇರುಗಳ ಮೇಲೆ ಮಾಡೆಲ್ ಅನ್ನು ಹಳೆಯ ಡೇಟಾದಲ್ಲಿ ಓಡಿಸಿ ನೋಡಿದಾಗ (ಇದೇ ಬ್ಯಾಕ್‌ಟೆಸ್ಟ್), ಏರಿಳಿತಕ್ಕೆ ಹೋಲಿಸಿದ ಗಳಿಕೆ 3.1 ಬಂದಿತ್ತು. ಇಂಥ ಸಾಲು ಬಹಳ ಜನರ ರೆಸ್ಯೂಮೆಯಲ್ಲಿರುತ್ತದೆ. ಅದಕ್ಕೇ ಅದು ಎಲ್ಲೆಲ್ಲಿ ಮುರಿಯಿತು ಎಂದು ಬಿಡಿಸಿ ಹೇಳುತ್ತಿದ್ದೇವೆ.

ಷೇರುಗಳ ಪಟ್ಟಿ ಎಲ್ಲಿಂದ ತಂದಿರಿ ಎಂದು ಮೊದಲು ಕೇಳಿದರು. ಇವತ್ತಿನ ನಿಫ್ಟಿ ಪಟ್ಟಿ ಇಳಿಸಿಕೊಂಡು 2015ರಿಂದ ಓಡಿಸಿದ್ದರು. ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಸೂಚ್ಯಂಕದಿಂದ ಹೊರಬಿತ್ತು. ಇವತ್ತಿನ ಪಟ್ಟಿಯಲ್ಲಿ ಅದು ಇಲ್ಲ, ಹಾಗಾಗಿ ಅದರ ಕುಸಿತದ ನಷ್ಟವೂ ಲೆಕ್ಕಕ್ಕೆ ಬರಲಿಲ್ಲ. ಪ್ರತಿ ದಿನಕ್ಕೂ ಆ ದಿನ ಜಾರಿಯಲ್ಲಿದ್ದ ಪಟ್ಟಿಯೇ ಬೇಕು. ಬೋನಸ್, ಸ್ಪ್ಲಿಟ್‌ಗೆ (ಒಂದು ಷೇರನ್ನು ಹಲವಾಗಿ ಒಡೆಯುವುದು) ಬೆಲೆ ಸರಿಪಡಿಸಿದ್ದೀರಾ ಎಂದೂ ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ 1:1 ಬೋನಸ್ (ಒಂದು ಷೇರಿಗೆ ಇನ್ನೊಂದು ಉಚಿತ) ಕೊಟ್ಟದ್ದು, ಸರಿಪಡಿಸದ ಡೇಟಾದಲ್ಲಿ ಒಂದೇ ದಿನದ ಶೇ 50ರ ಕುಸಿತವಾಗಿ ಕಾಣುತ್ತದೆ.

ಮಾರ್ಚ್ 31ಕ್ಕೆ ಮುಗಿದ ತ್ರೈಮಾಸಿಕದ ಲಾಭವನ್ನು ಏಪ್ರಿಲ್ 1ರಿಂದಲೇ ಮಾಡೆಲ್‌ಗೆ ಕೊಟ್ಟಿದ್ದರು. ಈ ತ್ರೈಮಾಸಿಕದ ಜೊತೆ ಬರುವ ವರ್ಷದ ಫಲಿತಾಂಶ ಪ್ರಕಟಿಸಲು ಮಾರುಕಟ್ಟೆ ನಿಯಂತ್ರಕ ಸೆಬಿ 60 ದಿನ ಕೊಡುತ್ತದೆ, ಉಳಿದ ತ್ರೈಮಾಸಿಕಗಳಿಗೆ 45 ದಿನ. ಮೇ ಕೊನೆಯವರೆಗೂ ಹೊರಬರದಿರಬಹುದಾದ ಸಂಗತಿ ಮಾಡೆಲ್‌ಗೆ ಏಪ್ರಿಲ್ 1ಕ್ಕೇ ತಿಳಿದಿತ್ತು! ಇಡೀ ಡೇಟಾದ ಸರಾಸರಿ ಹಿಡಿದು ನಾರ್ಮಲೈಸ್ ಮಾಡಿದರೂ, ಡೇಟಾದ ಸಾಲುಗಳನ್ನು ಕಲಸಿ ಕ್ರಾಸ್ ವ್ಯಾಲಿಡೇಶನ್ ಮಾಡಿದರೂ ಆಗುವುದು ಇದೇ: ಮುಂದಿನ ದಿನಗಳ ಮಾಹಿತಿ ಮಾಡೆಲ್‌ಗೆ ಮೊದಲೇ ಸೋರುತ್ತದೆ. ಲ್ಯಾಬ್‌ನ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಕಾಲಕ್ರಮದಲ್ಲೇ ಟ್ರೈನ್ ಮಾಡಿ. ಮುಂದಿನ 5 ದಿನದ ರಿಟರ್ನ್ ಊಹಿಸುತ್ತಿದ್ದರೆ ಟ್ರೈನಿಂಗ್‌ಗೂ ಟೆಸ್ಟ್‌ಗೂ ನಡುವೆ ಕನಿಷ್ಠ 5 ದಿನ ಖಾಲಿ ಬಿಡಿ.

ಪೂರ್ತಿ ನೆಲಕಚ್ಚಿದ್ದು ಖರ್ಚಿನ ಲೆಕ್ಕದಲ್ಲಿ. ಇವತ್ತು ಕೊಂಡು ನಾಳೆ ಮಾರಿದರೆ ಅದು ಡೆಲಿವರಿ, ಅಂದರೆ ಅದೇ ದಿನ ಮುಗಿಯದ ವ್ಯವಹಾರ. ಕೊಳ್ಳುವಾಗ ಶೇ 0.1, ಮಾರುವಾಗ ಶೇ 0.1 ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ) ಕಟ್ಟಬೇಕು. ಮಾಡೆಲ್‌ನ ಸರಾಸರಿ ಗಳಿಕೆ ಕೊಂಡು ಮಾರುವ ಒಂದು ಸುತ್ತಿಗೆ ಶೇ 0.12. ತೆರಿಗೆಯೊಂದೇ ಶೇ 0.2! ಸ್ಟಾಂಪ್ ಡ್ಯೂಟಿ, ಬ್ರೋಕರೇಜ್, ಬಿಡ್-ಆಸ್ಕ್ ಅಂತರ (ಕೊಳ್ಳುವವರು ಹೇಳುವ ಬೆಲೆಗೂ ಮಾರುವವರು ಕೇಳುವ ಬೆಲೆಗೂ ಇರುವ ವ್ಯತ್ಯಾಸ) ಇನ್ನೂ ಸೇರಿಲ್ಲ. ಸಾಲದ್ದಕ್ಕೆ ಲಾಭದಲ್ಲಿ ಅರ್ಧ ಬಂದದ್ದು ಶಾರ್ಟ್ ಮಾಡಿದ, ಅಂದರೆ ಕೈಯಲ್ಲಿಲ್ಲದೆಯೇ ಮೊದಲು ಮಾರಿ ಆಮೇಲೆ ಕೊಳ್ಳುವ ಷೇರುಗಳಿಂದ. ಕ್ಯಾಶ್ ಮಾರುಕಟ್ಟೆಯಲ್ಲಿ ಶಾರ್ಟ್ ಮಾಡಿ ಮರುದಿನದವರೆಗೆ ಸುಮ್ಮನೆ ಇಟ್ಟುಕೊಳ್ಳಲಾಗದು. ಷೇರು ಎರವಲು ತರಬೇಕು, ಇಲ್ಲವೇ ಫ್ಯೂಚರ್ಸ್‌ಗೆ (ಮುಂದಿನ ತಾರೀಕಿಗೆ ಕೊಳ್ಳುವ, ಮಾರುವ ಒಪ್ಪಂದಗಳಿಗೆ) ಹೋಗಬೇಕು. ಆಗ ಖರ್ಚಿನ ಲೆಕ್ಕವೇ ಬೇರೆ.

ಎಷ್ಟು ಮಾಡೆಲ್ ಓಡಿಸಿ ಇದೊಂದನ್ನು ಆರಿಸಿದಿರಿ? ಈ ಪ್ರಶ್ನೆಗೆ ಅವರ ಬಳಿ ಉತ್ತರವೇ ಇರಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದ, ಏನೂ ಸತ್ವವಿಲ್ಲದ 200 ತಂತ್ರಗಳನ್ನು 4 ವರ್ಷದ ಡೇಟಾ ಮೇಲೆ ಓಡಿಸಿದರೂ ಅವುಗಳಲ್ಲಿ ಮೇಲೆ ನಿಂತದ್ದು ಶಾರ್ಪ್ 1.4ರ ಆಸುಪಾಸು ತೋರಿಸುತ್ತದೆ, ಬರೀ ಅದೃಷ್ಟದಿಂದ. ಬಿಟ್ಟುಹಾಕಿದ ಪ್ರಯೋಗಗಳನ್ನೂ ತಾರೀಕು ಸಮೇತ ಬರೆದಿಡಿ, ಕೇಳಿದಾಗ ತೋರಿಸಿ.

ಖರ್ಚು ಕಳೆದು ಶಾರ್ಪ್ 0.4 ಉಳಿದರೆ 0.4 ಎಂದೇ ಬರೆಯಿರಿ, ಅದನ್ನು ನಂಬುತ್ತಾರೆ. ಸಂದರ್ಶನಕ್ಕೆ ವಾರವಷ್ಟೇ ಉಳಿದಿದ್ದು ಇವನ್ನೆಲ್ಲ ಸರಿಮಾಡಲು ಆಗದಿದ್ದರೆ ಆ ಸಾಲನ್ನೇ ಅಳಿಸಿ, ನಿಮ್ಮ ಥೀಸಿಸ್ ಬಗ್ಗೆ ಮಾತಾಡಲು ತಯಾರಾಗಿ.