ಆರು ಚಕ್ರದ ರಟ್ಟಿನ ಕಾರು: ಟಿರೆಲ್ ಪಿ34 ಪೇಪರ್ ಕಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಈ ಕಿಟ್ ತಗೊಳ್ಳಿ. ಆದರೆ ಚಕ್ರದ ಪುಟ ಬಂದಾಗ ಅದರಲ್ಲಿ ಹೇಳಿದ ಹಾಗೆ ಮಾಡಬೇಡಿ, ಕೆಳಗೆ ನಾನು ಬರೆದ ಹಾಗೆ ಮಾಡಿ.

ಡಬ್ಬಿಯಲ್ಲಿ ಬರುವ ಪ್ಲಾಸ್ಟಿಕ್ ಕಿಟ್ ಇದಲ್ಲ. ದುಡ್ಡು ಕಟ್ಟಿದರೆ ಒಂದು ಪಿಡಿಎಫ್ ಬರುತ್ತದೆ. ಅದರಲ್ಲಿ ಒಂಬತ್ತು ಎ4 ಹಾಳೆ ಭಾಗಗಳು, ಮೂರು ಹಾಳೆ ಸೂಚನೆ. ಪ್ರಿಂಟ್ ಹಾಕಿಸಿ, ಕತ್ತರಿಸಿ, ಮಡಿಸಿ, ಅಂಟಿಸಿ ಕಾರು ಮಾಡುವುದು ನಮ್ಮ ಕೆಲಸ. ನನಗೆ 650 ರೂಪಾಯಿ ಬಿತ್ತು. ಪ್ರಿಂಟು, ರಟ್ಟು, ಅಂಟು ಸೇರಿ ಮೇಲೆ ಇನ್ನೊಂದು 300. ಮಾಡಿದವರ ಹೆಸರು ಇಲ್ಲಿ ಹಾಕುತ್ತಿಲ್ಲ. ಕಿಟ್ಟಿನಲ್ಲಿ ತಪ್ಪು ಎಲ್ಲಿದೆ ಅಂತ ಅವರಿಗೆ ಮೇಲ್ ಮಾಡಿದ್ದೇನೆ, ಎರಡೇ ದಿನಕ್ಕೆ ಉತ್ತರ ಬಂತು, ಸರಿಪಡಿಸಿದ ಹಾಳೆ ಕಳಿಸುತ್ತೇವೆ ಅಂದಿದ್ದಾರೆ. ಅದು ಬರುವವರೆಗೆ ಹೆಸರು ಹೇಳದೆ ಕಾಯುವುದು ನ್ಯಾಯ.

ಇಷ್ಟೊಂದು ರೇಸ್ ಕಾರುಗಳಿರುವಾಗ ಪಿ34 ಯಾಕೆ? ಫಾರ್ಮುಲಾ ಒನ್‌ನಲ್ಲಿ ರೇಸ್ ಗೆದ್ದ ಆರು ಚಕ್ರದ ಕಾರು ಇದೊಂದೇ. ಡೆರೆಕ್ ಗಾರ್ಡ್ನರ್ ವಿನ್ಯಾಸ. ಮುಂದೆ ನಾಲ್ಕು ಪುಟ್ಟ ಚಕ್ರ, ಹಿಂದೆ ಎರಡು ದೊಡ್ಡವು. 1976ರ ಜೂನ್‌ನಲ್ಲಿ ಸ್ವೀಡನ್ನಿನ ಆಂಡರ್‌ಸ್ಟಾರ್ಪ್‌ನಲ್ಲಿ ಜೋಡಿ ಶೆಕ್ಟರ್ ಮೊದಲನೆಯವನಾಗಿ, ಪ್ಯಾಟ್ರಿಕ್ ಡಿಪಯೆ ಎರಡನೆಯವನಾಗಿ ಬಂದರು. ಇಬ್ಬರ ಕೈಯಲ್ಲೂ ಇದೇ ಕಾರು. ತಂಡದ ಯಜಮಾನ ಕೆನ್ ಟಿರೆಲ್ ಮೂಲತಃ ಮರದ ವ್ಯಾಪಾರಿ. ಇಂಗ್ಲೆಂಡಿನ ಸರ್ರೆಯಲ್ಲಿ ತನ್ನ ಟಿಂಬರ್ ಯಾರ್ಡಿನ ಶೆಡ್ಡಿನಲ್ಲೇ ತಂಡ ಕಟ್ಟಿದವನು. ಅಂಥ ಕಡೆ ಹುಟ್ಟಿದ ಕಾರನ್ನು ರಟ್ಟಿನಲ್ಲಿ ಮಾಡೋದು ನನಗೆ ತುಂಬ ಖುಷಿ ಕೊಟ್ಟ ವಿಷಯ.

ಅಳತೆ 1:24. ಅಂದರೆ ನಿಜವಾದ ಕಾರಿನ 24 ಸೆಂಟಿಮೀಟರ್ ಇಲ್ಲಿ ಒಂದು ಸೆಂಟಿಮೀಟರ್. ಮುಗಿದಾಗ ಕಾರು ಹೆಚ್ಚುಕಡಿಮೆ ಒಂದು ಗೇಣು ಬರುತ್ತದೆ, ಅಂಗೈ ಮೇಲೆ ಕೂರುತ್ತದೆ.

ಪ್ರಿಂಟ್ ವಿಷಯದಲ್ಲಿ ಹುಷಾರು. ಜೆರಾಕ್ಸ್ ಅಂಗಡಿಯಲ್ಲಿ ಸುಮ್ನೆ ಪ್ರಿಂಟ್ ಕೊಡಿ ಅಂದರೆ ಹಾಳೆಗೆ ಹೊಂದುವ ಹಾಗೆ ಕುಗ್ಗಿಸಿ ಕೊಡುತ್ತಾರೆ. ನನ್ನ ಮೊದಲ ಸೆಟ್ ಹಾಗೇ ಹಾಳಾಯ್ತು. ಪ್ರಿಂಟ್ ಮಾಡಿದ ಭಾಗ ಚಿಕ್ಕದು, ನಾನು ಅಳೆದು ಕತ್ತರಿಸಿದ ರಟ್ಟಿನ ಒಳಗೂಡು ದೊಡ್ಡದು, ಒಂದಕ್ಕೊಂದು ಕೂರಲೇ ಇಲ್ಲ. ನೂರಕ್ಕೆ ನೂರು ಅಳತೆಯಲ್ಲೇ ಬೇಕು ಅಂತ ಬಾಯಿಬಿಟ್ಟು ಹೇಳಿ. ಮೊದಲ ಹಾಳೆಯ ಮೂಲೆಯಲ್ಲಿ 5 ಸೆಂ.ಮೀ. ಗೆರೆ ಇದೆ, ಅಲ್ಲೇ ಸ್ಕೇಲ್ ಇಟ್ಟು ನೋಡಿ, ಆಮೇಲೆ ಉಳಿದ ಹಾಳೆ ಹಾಕಿಸಿ. ಲೇಸರ್ ಪ್ರಿಂಟೇ ಇರಲಿ. ಇಂಕ್‌ಜೆಟ್ ಆದರೆ ಫೆವಿಕಾಲ್ ತಾಗಿದ ಕಡೆ ನೀಲಿ ಬಣ್ಣ ಹರಡುತ್ತದೆ. ಕಾಗದ 160 ಜಿಎಸ್‌ಎಂ (ಒಂದು ಚದರ ಮೀಟರಿಗೆ ಇಷ್ಟು ಗ್ರಾಂ ಅನ್ನುವ ಲೆಕ್ಕ) ಸಾಕು. 200ರಲ್ಲಿ ಮಾಡಿದರೆ ಮೂತಿಯ ಹತ್ತಿರದ ಸಣ್ಣ ಮಡಿಕೆಗಳು ಒಡೆದು ಬಿಳಿ ಗೆರೆ ಕಾಣುತ್ತದೆ.

ಒಳಗಿನ ಗೂಡಿಗೆ 1 ಮಿ.ಮೀ. ರಟ್ಟು ಬೇಕು. ನಮ್ಮ ಬೀದಿಯ ಕೊನೆಯಲ್ಲಿ ಬುಕ್ ಬೈಂಡಿಂಗ್ ಮಾಡುವ ಅಜ್ಜ ಒಬ್ಬರಿದ್ದಾರೆ, ಅವರ ಹತ್ತಿರ ಮಿಕ್ಕ ತುಂಡುಗಳು ಯಾವಾಗಲೂ ಇರುತ್ತವೆ. ಕಾರು ಮಾಡ್ತೀನಿ ಅಂದಾಗ ಅವರು ಒಂದು ಹಾಳೆ ಎತ್ತಿ ಉದ್ದಕ್ಕೆ ಒಮ್ಮೆ ಬಗ್ಗಿಸಿದರು, ಅಡ್ಡಕ್ಕೆ ಒಮ್ಮೆ ಬಗ್ಗಿಸಿದರು. "ನೋಡಪ್ಪಾ, ಯಾವ ಕಡೆ ಸಲೀಸಾಗಿ ಬಗ್ಗುತ್ತೋ, ಆ ಬಾಗಿನ ಗೆರೆಯ ಉದ್ದಕ್ಕೇ ಕಾಗದದ ಎಳೆ ಓಡಿದೆ ಅಂತ. ಅದಕ್ಕೆ ಎದುರಾಗಿ ಸುತ್ತಕ್ಕೆ ಹೋಗ್ಬೇಡ, ಮುರಿಯುತ್ತೆ" ಅಂದರು. ಕಿಟ್ಟಿನ ಮೂರು ಹಾಳೆ ಸೂಚನೆಯಲ್ಲಿ ಈ ಒಂದು ಮಾತು ಇಲ್ಲ. ಮೂತಿಯ ಮುಂಭಾಗ ದುಂಡಗೆ ಬಾಗುತ್ತದೆ. ಆ ಭಾಗವನ್ನು ಹಾಳೆಯಲ್ಲಿ ಅಡ್ಡ ಜೋಡಿಸಿದ್ದಾರೆ, ಎಳೆಗೆ ಎದುರು. ನಾನು ಅದೊಂದು ಹಾಳೆಯನ್ನು ಎಳೆ ಬೇರೆ ದಿಕ್ಕಿಗಿರುವ ಕಾಗದದ ಮೇಲೆ ಮತ್ತೆ ಪ್ರಿಂಟ್ ಹಾಕಿಸಿದೆ. ಒಂದೂ ಸುಕ್ಕಿಲ್ಲದೆ ಬಾಗಿತು.

ಮೈಯ ಭಾಗ ಚೆನ್ನಾಗಿದೆ. ನಿಜವಾಗಿ ಚೆನ್ನಾಗಿದೆ. ಮಡಿಸುವ ಗೆರೆಗಳ ಮೇಲೆ ಇಂಕು ಮುಗಿದ ಬಾಲ್ ಪೆನ್ನನ್ನು ಸ್ಕೇಲ್ ಹಿಡಿದು ಒತ್ತಿ ಎಳೆದು ಮಡಿಸಿದರೆ ಅಂಚು ನೆಟ್ಟಗೆ ಬರುತ್ತದೆ. ಕತ್ತರಿಸಿದ ಅಂಚಿಗೆ ಕಾರಿನ ಮೈಯದೇ ನೀಲಿ ವಾಟರ್ ಕಲರ್ ಸವರಿ. ಇದನ್ನು ಬಿಟ್ಟರೆ ಎಲ್ಲ ಜೋಡಣೆಯಲ್ಲೂ ಬಿಳಿ ದಾರದ ಹಾಗೆ ಕಾಗದ ಇಣುಕುತ್ತದೆ. ಹಿಂದಿನ ಎಂಜಿನ್, ಅಂದರೆ ಫೋರ್ಡ್ ಕಾಸ್ವರ್ತ್ ಡಿಎಫ್‌ವಿ ವಿ8 ಅನ್ನುವ ಎಂಟು ಸಿಲಿಂಡರಿನದು, ಎಂಟೂ ಎಕ್ಸಾಸ್ಟ್ ಪೈಪಿನ ಸಮೇತ ಬರುತ್ತದೆ. ಹಿಂದಿನ ರೆಕ್ಕೆ ಒಂದು ಗಂಟೆಯ ಕೆಲಸ, ಅದರಲ್ಲಿ ಹೇಳುವಂಥದ್ದೇನಿಲ್ಲ.

ಈಗ ಚಕ್ರ. ನಿಜವಾದ ಕಾರಿನ ಮುಂದಿನ ರಿಮ್ 10 ಇಂಚು. ಆಗ ಬೇರೆ ಕಾರುಗಳ ಮುಂದೆ ಇದ್ದದ್ದು 13 ಇಂಚಿನದು. ಚಿಕ್ಕ ಚಕ್ರ ಯಾಕೆ ಅಂದರೆ, ಮುಂದಿನ ಮೂತಿಯ ಅಗಲಕ್ಕೆ ನಿಯಮದಲ್ಲಿ ಒಂದೂವರೆ ಮೀಟರ್ ಮಿತಿ ಇತ್ತು. ಚಕ್ರ ಆ ಮೂತಿಯ ಮರೆಯಲ್ಲಿ ಅಡಗಿದರೆ ಗಾಳಿಗೆ ಎದುರಾಗುವುದು ಕಡಿಮೆ. ಚಿಕ್ಕದಾದಾಗ ಕಳೆದುಹೋಗುವ ಹಿಡಿತವನ್ನು ಎರಡರ ಬದಲು ನಾಲ್ಕು ಚಕ್ರ ಹಾಕಿ ತುಂಬಿಕೊಂಡರು. ಸ್ಟೀರಿಂಗ್ ತಿರುಗಿಸಿದರೆ ನಾಲ್ಕೂ ತಿರುಗುತ್ತವೆ, ನಾಲ್ಕಕ್ಕೂ ಬ್ರೇಕ್ ಇದೆ.

ನಮ್ಮ ಅಳತೆಗೆ ಇಳಿಸಿದರೆ ಆ ರಿಮ್ ಹತ್ತೂವರೆ ಮಿ.ಮೀ. ಮಾತ್ರ! ಕಿಟ್ಟಿನವರು ಹೇಳುವುದು ರಟ್ಟಿನಲ್ಲಿ ಉಂಗುರಗಳನ್ನು ಕತ್ತರಿಸಿ ಒಂದರ ಮೇಲೊಂದು ಅಂಟಿಸಿ ಅಂತ. ಒಂದು ಚಕ್ರಕ್ಕೆ ಹತ್ತು ಉಂಗುರ, ಮುಂದಿನ ನಾಲ್ಕಕ್ಕೆ ನಲವತ್ತು. ಇಷ್ಟು ಸಣ್ಣ ದುಂಡನ್ನು ಬ್ಲೇಡಿನಲ್ಲಿ ಕತ್ತರಿಸಿದರೆ ಮೂಲೆ ಮೂಲೆಯಾಗುತ್ತದೆ, ರಟ್ಟಿನ ಪದರ ಬಿಡುತ್ತದೆ. ಎರಡು ರಾತ್ರಿ ಕೂತು ಒಂದೂವರೆ ಚಕ್ರ ಮಾಡಿ ಬಿಟ್ಟೆ.

ಆಮೇಲೆ ಮಗಳ ಕ್ವಿಲ್ಲಿಂಗ್ ಡಬ್ಬಿ ಕಣ್ಣಿಗೆ ಬಿತ್ತು. ಓಲೆ ಮಾಡಲು ಪಟ್ಟಿ ಸುತ್ತುತ್ತಾರಲ್ಲ, ಅದೇ. 10 ಮಿ.ಮೀ. ಅಗಲದ ಕಪ್ಪು ಪಟ್ಟಿ ತಗೊಳ್ಳಿ. ರಿಮ್ಮಿನಷ್ಟೇ ದಪ್ಪದ ಸ್ಕೆಚ್ ಪೆನ್ನಿನ ಮೇಲೆ ಬಿಗಿಯಾಗಿ ಸುತ್ತಿ, ಪ್ರತಿ ಎರಡು ಸುತ್ತಿಗೆ ಒಂದು ಹನಿ ಫೆವಿಕಾಲ್ ಟೂತ್‌ಪಿಕ್‌ನಲ್ಲಿ ಮುಟ್ಟಿಸಿ. ನನಗೆ ಒಂದು ಚಕ್ರಕ್ಕೆ ಸುಮಾರು 90 ಸೆಂ.ಮೀ. ಪಟ್ಟಿ ಹಿಡಿಯಿತು. ಗುಟ್ಟು ಇಲ್ಲಿದೆ: ನಾಲ್ಕು ಚಕ್ರಕ್ಕೂ ಪಟ್ಟಿಯನ್ನು ಮೊದಲೇ ಒಂದೇ ಉದ್ದಕ್ಕೆ ಕತ್ತರಿಸಿಟ್ಟುಕೊಂಡರೆ, ಸುತ್ತುವ ಬಿಗಿ ಒಂದೇ ಇದ್ದರೆ, ನಾಲ್ಕೂ ಒಂದೇ ಗಾತ್ರಕ್ಕೆ ಬರುತ್ತವೆ. ಒಣಗಿದ ಮೇಲೆ ಹೊರಮೈಗೆ ಫೆವಿಕ್ವಿಕ್ ಕುಡಿಸಿ. ಕಿಟಕಿ ತೆಗೆದಿಡಿ, ಕಣ್ಣು ಉರಿಯುತ್ತದೆ. ಕಾಗದ ಮರದಂತೆ ಗಟ್ಟಿಯಾಗುತ್ತದೆ. ಆಗ 400 ನಂಬರ್ ಉಪ್ಪುಕಾಗದದಲ್ಲಿ ತಿರುಗಿಸುತ್ತ ಉಜ್ಜಿದರೆ ಟೈರಿನ ಅಂಚು ನುಣ್ಣಗೆ ದುಂಡಾಗಿ ಬರುತ್ತದೆ, ಬೆರಳಿಗೆ ಕಾಗದ ಅನ್ನಿಸುವುದೇ ಇಲ್ಲ. ಹಿಂದಿನ ಎರಡಕ್ಕೂ ಇದೇ ದಾರಿ, ಪಟ್ಟಿ ಜಾಸ್ತಿ ಬೇಕು ಅಷ್ಟೇ.

ಚಕ್ರ ಕೂರಿಸಿದ ಮೇಲೆ ಕಿಟ್ಟಿನ ದೊಡ್ಡ ತಪ್ಪು ಸಿಕ್ಕಿತು. ಕಾರನ್ನು ಗಾಜಿನ ಮೇಲಿಟ್ಟು ಪ್ರತಿ ಚಕ್ರದ ಕೆಳಗೂ ತೆಳು ಕಾಗದದ ಚೂರು ತೂರಿಸಿ ನೋಡಿದೆ. ಎರಡನೇ ಸಾಲಿನ ಎರಡು ಚಕ್ರದ ಕೆಳಗೆ ಕಾಗದ ಸಲೀಸಾಗಿ ಓಡಾಡಿತು. ಅಂದರೆ ಅವು ನೆಲ ಮುಟ್ಟಿಲ್ಲ. ಎರಡನೇ ಆಕ್ಸಲ್ಲಿನ, ಅಂದರೆ ಚಕ್ರ ಸಿಕ್ಕಿಸುವ ಕಡ್ಡಿಯ, ತೂತನ್ನು ಅರ್ಧ ಮಿ.ಮೀ. ಮೇಲೆ ಬರೆದಿದ್ದಾರೆ. ಅರ್ಧ ಮಿ.ಮೀ.ಗೆ ಯಾಕಿಷ್ಟು ಅಂತ ಕೇಳಬಹುದು. ಆದರೆ ನೆಲ ಮುಟ್ಟದ ಚಕ್ರಕ್ಕೆ ಹಿಡಿತ ಎಲ್ಲಿಂದ ಬರಬೇಕು? ಈ ಕಾರಿನ ಇಡೀ ಯೋಚನೆಯೇ ಆ ನಾಲ್ಕು ಚಕ್ರ ಒಟ್ಟಿಗೆ ನೆಲ ಹಿಡಿಯುವುದು, ಅಲ್ವಾ? ತೂತನ್ನು ಸೂಜಿಯಲ್ಲಿ ಕೆಳಕ್ಕೆ ಹಿಗ್ಗಿಸಿ, ಕಾರನ್ನು ಗಾಜಿನ ಮೇಲೆ ನಿಲ್ಲಿಸಿ, ಆಕ್ಸಲ್ ತಾನಾಗಿ ಇಳಿದು ಕೂತ ಮೇಲೆ ಅಂಟು ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಆರೂ ಚಕ್ರ ಕಾಗದವನ್ನು ಕಚ್ಚಿ ಹಿಡಿದವು.

ನಿಜವಾದ ಕಾರಿಗೂ ಏಟು ಬಿದ್ದದ್ದು ಈ ಪುಟ್ಟ ಚಕ್ರಗಳಿಂದಲೇ. ಆ ಗಾತ್ರದ ಟೈರನ್ನು ಗುಡ್‌ಇಯರ್ ಮಾಡುತ್ತಿದ್ದದ್ದು ಈ ಒಂದು ತಂಡಕ್ಕೆ ಮಾತ್ರ. ಹಿಂದಿನ ಟೈರುಗಳು ಸುಧಾರಿಸುತ್ತ ಹೋದವು, ಮುಂದಿನವು ಹಿಂದೆ ಬಿದ್ದವು. 1977ರ ಕೊನೆಗೆ ಕಾರು ಮೂಲೆ ಸೇರಿತು. 1983ರಿಂದ ನಾಲ್ಕೇ ಚಕ್ರ ಅಂತ ನಿಯಮವೂ ಬಂತು.

ಕಿಟ್ಟಿನಲ್ಲಿ ನನಗೆ ತುಂಬ ಇಷ್ಟವಾದ ಜಾಗ ಕಾಕ್‌ಪಿಟ್ಟಿನ ಪಕ್ಕದ ಪುಟ್ಟ ಕಿಟಕಿ. ಡ್ರೈವರಿಗೆ ಮುಂದಿನ ಚಕ್ರ ಕಾಣಲಿ ಅಂತ ನಿಜವಾದ ಕಾರಿನಲ್ಲೂ ಇದು ಇತ್ತು. ಕಿಟ್ಟಿನಲ್ಲಿ ಅದನ್ನು ಬರೀ ಬೂದು ಬಣ್ಣದಲ್ಲಿ ಪ್ರಿಂಟ್ ಮಾಡಿದ್ದಾರೆ. ಅದನ್ನು ಕತ್ತರಿಸಿ ತೆಗೆದು, ಒಳಗಿನಿಂದ ಓಎಚ್‌ಪಿ ಹಾಳೆಯ (ಆಚೆ ಕಾಣುವ ಪ್ಲಾಸ್ಟಿಕ್ ಹಾಳೆ) ಚೂರು ಅಂಟಿಸಿ. ಇಲ್ಲಿ ಫೆವಿಕ್ವಿಕ್ ಬೇಡ, ಪ್ಲಾಸ್ಟಿಕ್ ಮೇಲೆ ಬಿಳಿ ಮಬ್ಬು ಕೂರುತ್ತದೆ. ಮಗಳು ಸೀಟಿನ ಕಡೆಯಿಂದ ಕಣ್ಣಿಟ್ಟು ನೋಡಿ, "ಅಪ್ಪಾ, ಚಕ್ರ ಕಾಣ್ತಿದೆ" ಅಂದಳು.

ಯಾರಿಗೆ ಸರಿ? ಮೊದಲ ಸಲ ಪೇಪರ್ ಮಾಡೆಲ್ ಮಾಡುವವರಿಗೆ ಬೇಡ, ಒಂದೆರಡು ಮನೆ, ಬಸ್ಸು ಮಾಡಿ ಕೈ ಪಳಗಲಿ. ಮಕ್ಕಳ ಜೊತೆ ಮಾಡಬಹುದು, ಬ್ಲೇಡಿನ ಕೆಲಸ ಮಾತ್ರ ದೊಡ್ಡವರೇ ಮಾಡಿ. ನನಗೆ ಒಟ್ಟು ಮೂವತ್ತು ಗಂಟೆ ಹಿಡಿಯಿತು, ಆರು ವಾರಾಂತ್ಯ. ಐದಕ್ಕೆ ನಾಲ್ಕು ಕೊಡುತ್ತೇನೆ. ಆಕ್ಸಲ್ ಸರಿಯಾದ ಹಾಳೆ ಬಂದ ದಿನ ಉಳಿದ ಒಂದನ್ನೂ ಕೊಡುತ್ತೇನೆ.

ಕಿಟ್ಟಿನಲ್ಲಿ ಇಬ್ಬರ ನಂಬರೂ ಇದೆ. ನಾನು ಮಾಡಿದ್ದು ಶೆಕ್ಟರನ 3. ಡಿಪಯೆಯ 4ನೇ ನಂಬರಿನ ಹಾಳೆ ಪ್ರಿಂಟ್ ಹಾಕಿಸಿ ಇಟ್ಟಿದ್ದೇನೆ, ಕ್ವಿಲ್ಲಿಂಗ್ ಪಟ್ಟಿ ಮಗಳೇ ಅಳೆದು ಕತ್ತರಿಸಿದ್ದಾಳೆ. ಈ ಸಲ ಶುರು ಮಾಡುವುದೇ ಚಕ್ರದಿಂದ.