ಸೆಕೆಂಡ್ ಹ್ಯಾಂಡ್ ಹೋಂಡಾ ಜಾಝ್: ಹಿಂದಿನ ಸೀಟು ನೋಡಿ ಆರಿಸಿದ ಕಾರು

2013ರಲ್ಲಿ ಜಪಾನಿನಲ್ಲಿ ಫಿಟ್ ಎಂಬ ಹೆಸರಿನಿಂದ ಬಂದ ಮೂರನೇ ತಲೆಮಾರಿನ ಹೋಂಡಾ ಜಾಝ್ ಅನ್ನು ನಾವು ಸೆಕೆಂಡ್ ಹ್ಯಾಂಡ್ ಆಗಿ ಕೊಂಡಾಗ ಮನೆಯಲ್ಲಿ ಒಂದೇ ಮಗುವಿತ್ತು, ಈಗ ಇಬ್ಬರಿದ್ದಾರೆ. ದಿನವೂ ಕಚೇರಿಗೆ ಹೋಗಿಬರಲು ಇಂಧನ ಕಡಿಮೆ ಸಾಕಾಗುವ ಕಾರು ಬೇಕು, ರಜೆಯಲ್ಲಿ ಮಕ್ಕಳ ಸಾಮಾನೆಲ್ಲ ಅದರಲ್ಲೇ ಹಿಡಿಸಬೇಕು ಎಂದಾಗ ಹೆಚ್ಚಿನವರು ದೊಡ್ಡ ಕಾರಿನತ್ತ ವಾಲುತ್ತಾರೆ. ಇಷ್ಟು ಕಾಲ ಬಳಸಿದ ಮೇಲೆ ನನ್ನ ಅಭಿಪ್ರಾಯ ಬೇರೆ: ಹಿಂದಿನ ಸೀಟನ್ನು ಯೋಚಿಸಿ ರೂಪಿಸಿದ್ದರೆ ಸಣ್ಣ ಕಾರೇ ಸಾಕು, ಉಳಿಯುವ ಹಣವನ್ನು ಅದೇ ಮಾದರಿಯಲ್ಲಿ ಇನ್ನೂ ಒಳ್ಳೆಯ ಸ್ಥಿತಿಯ ಕಾರಿಗೆ ಹಾಕಬಹುದು.

ಸಾಮಾನ್ಯವಾಗಿ ಹಿಂದಿನ ಸೀಟಿನಡಿ ಇರುವ ಇಂಧನ ಟ್ಯಾಂಕ್ ಈ ಕಾರಿನಲ್ಲಿ ಮುಂದಿನ ಸೀಟುಗಳ ಕೆಳಗಿದೆ. ಹೀಗಾಗಿ ಹಿಂದಿನ ಆಸನವನ್ನು ಮೇಲಕ್ಕೆ ಮಡಚಿ ನಿಲ್ಲಿಸಿದರೆ ನೆಲದಿಂದ ಚಾವಣಿಯವರೆಗೆ ಜಾಗ ತೆರೆದುಕೊಂಡು, ಮಗುವಿನ ತಳ್ಳುಗಾಡಿಯನ್ನೋ ಪುಟ್ಟ ಸೈಕಲ್ಲನ್ನೋ ನೆಟ್ಟಗೆ ನಿಲ್ಲಿಸಬಹುದು. ಸೀಟು ಎರಡು ಭಾಗವಾಗಿ ಮಡಚುವುದರಿಂದ ಒಂದು ಕಡೆ ಮಗು ಕುಳಿತಿರುವಾಗಲೇ ಇನ್ನೊಂದು ಕಡೆ ಸಾಮಾನು ತುಂಬಲು ಸಾಧ್ಯ. ಇದು ನಮಗೆ ಒದಗಿದಷ್ಟು ಇನ್ನಾವ ಸೌಲಭ್ಯವೂ ಒದಗಿಲ್ಲ. ಸುಮಾರು ನಾಲ್ಕು ಮೀಟರ್ ಉದ್ದದ ಈ ಕಾರಿನ ಡಿಕ್ಕಿಯಲ್ಲಿ ಸುಮಾರು 350 ಲೀಟರ್ ಜಾಗವೂ ಉಳಿಯುತ್ತದೆ. ಕೆಲವು ವೇರಿಯಂಟ್‌ಗಳಲ್ಲಿ ಈ ಬಗೆಯ ಸೀಟು ಇಲ್ಲವಾದ್ದರಿಂದ ಎತ್ತಿ ನೋಡಿಯೇ ನಂಬಬೇಕು.

ಕಾರು ನೋಡಲು ಹೋಗುವಾಗ ಮಗುವಿನ ಸೀಟನ್ನು ಜೊತೆಗೇ ಒಯ್ಯುವುದು ಒಳ್ಳೆಯದು. ವಿಶ್ವಸಂಸ್ಥೆಯ ಆರ್129 ನಿಯಮದ ಸೀಟುಗಳಲ್ಲಿ ಮಗು ಕನಿಷ್ಠ 15 ತಿಂಗಳವರೆಗೆ ಹಿಮ್ಮುಖವಾಗಿಯೇ ಕೂರಬೇಕು. ಅಂಥ ಸೀಟನ್ನು ಬಿಗಿದ ಮೇಲೆ ಮುಂದೆ ಕೂರುವವರ ಮೊಣಕಾಲಿಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದು ಕಂಪನಿಯ ಮಾಹಿತಿಪತ್ರದಲ್ಲಿ ಸಿಗುವುದಿಲ್ಲ. ಜಾಝ್‌ನಲ್ಲಿ ಆ ಜಾಗ ನಮಗೆ ಸಾಕಷ್ಟಿದೆ. ಆದರೆ ಈ ಗಾತ್ರದ ಯಾವುದೇ ಕಾರಿನಂತೆ ಇದರಲ್ಲಿಯೂ ಮೂರು ಮಕ್ಕಳ ಸೀಟುಗಳನ್ನು ಸಾಲಾಗಿ ಕೂರಿಸುವುದು ಕಷ್ಟ. ಮೂವರು ಚಿಕ್ಕ ಮಕ್ಕಳಿರುವ ಮನೆಗೆ ಇನ್ನೂ ಅಗಲವಾದ ಕಾರೇ ಬೇಕು.

ಎಂಜಿನ್ ವಿಷಯದಲ್ಲಿ ನಾನು ಪೆಟ್ರೋಲನ್ನೇ ಆರಿಸಿದೆ. ಹೊಗೆಯ ಮಸಿಯನ್ನು ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರುಗಳು ಆಗಾಗ ದೂರ ಓಡಿ ಬಿಸಿಯಾದರೆ ಮಾತ್ರ ಆ ಮಸಿಯನ್ನು ಸುಟ್ಟುಕೊಳ್ಳುತ್ತವೆ. ಕಚೇರಿಗೆ ನಾಲ್ಕಾರು ಕಿಲೋಮೀಟರ್ ಓಡಿ ನಿಲ್ಲುವ ಕಾರಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಜಾಝ್‌ನ ಪೆಟ್ರೋಲ್ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ (ಎಂಜಿನ್ನಿನ ಒಳಭಾಗಗಳ ಚಲನೆಯನ್ನು ಹೊಂದಿಸುವ ಪಟ್ಟಿ) ಬದಲು ಚೈನ್ ಇರುವುದರಿಂದ ಬೆಲ್ಟ್ ಬದಲಿಸುವ ದೊಡ್ಡ ಖರ್ಚೂ ಇಲ್ಲ. ಸಿವಿಟಿ ಎಂಬ ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇದ್ದರೆ ಅದರ ಆಯಿಲ್ ಅನ್ನು ಸಕಾಲಕ್ಕೆ ಬದಲಿಸಿದ ದಾಖಲೆಯನ್ನು ಕೇಳಲೇಬೇಕು.

ಓಡೋಮೀಟರ್‌ನ ಅಂಕಿಗಿಂತ ಸರ್ವಿಸ್ ದಾಖಲೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಅದರ ಜೊತೆಗೆ, ಸ್ಟೀರಿಂಗ್ ಕೆಳಗಿನ 16 ಪಿನ್‌ನ ಒಬಿಡಿ (ಕಾರಿನ ದೋಷಗಳನ್ನು ಓದುವ) ಸಾಕೆಟ್‌ಗೆ ಸಣ್ಣ ಸ್ಕ್ಯಾನರ್ ಸಿಕ್ಕಿಸಿ ನೋಡುವುದು ಅಗತ್ಯ. ಮಾರುವ ಮುನ್ನ ಯಾರಾದರೂ ದೋಷದ ಕೋಡ್‌ಗಳನ್ನು ಅಳಿಸಿದ್ದರೆ ಎಚ್ಚರಿಕೆಯ ದೀಪ ಉರಿಯುವುದಿಲ್ಲ, ಆದರೆ ಕಾರಿನ ಸ್ವಯಂ ತಪಾಸಣೆಗಳು ‘ಇನ್ನೂ ಮುಗಿದಿಲ್ಲ’ ಎಂದು ಸ್ಕ್ಯಾನರ್ ತೋರಿಸುತ್ತದೆ. ಬ್ಯಾಟರಿ ಬಿಚ್ಚಿದರೂ ಹೀಗೆ ಆಗಬಹುದಾದ್ದರಿಂದ ಮಾರುವವರನ್ನು ಕೂಡಲೇ ಶಂಕಿಸುವುದು ಸರಿಯಲ್ಲ. ಕೆಲವು ದಿನ ಓಡಿಸಿದ ಮೇಲೆ ಮತ್ತೊಮ್ಮೆ ನೋಡುತ್ತೇವೆಂದು ಕೇಳಿದರೆ ಸಾಕು. ಟೈರಿನ ಪಕ್ಕದಲ್ಲಿ ಡಾಟ್ (DOT) ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿಗಳು ಅದು ತಯಾರಾದ ವಾರ ಮತ್ತು ವರ್ಷ: 2319 ಎಂದರೆ 2019ರ 23ನೇ ವಾರ.

ಹಳೆಯ ತಲೆಮಾರಿನ ಜಾಝ್ ಕೊಳ್ಳುವವರು ಇನ್ನೊಂದನ್ನು ಮರೆಯಬಾರದು. ಟಕಾಟಾ ಕಂಪನಿಯ ದೋಷಪೂರಿತ ಏರ್‌ಬ್ಯಾಗ್‌ಗಳನ್ನು ಬದಲಿಸಲು ಕಾರುಗಳನ್ನು ವಾಪಸ್ ಕರೆಸಿಕೊಂಡ ರೀಕಾಲ್‌ನಲ್ಲಿ ಹಲವು ಕಂಪನಿಗಳ ಕಾರುಗಳ ಜೊತೆ ಎರಡನೇ ತಲೆಮಾರಿನ ಜಾಝ್ ಕೂಡ ಇತ್ತು. 17 ಅಕ್ಷರಗಳ ಚಾಸಿಸ್ ಸಂಖ್ಯೆಯನ್ನು ಅಧಿಕೃತ ಸರ್ವಿಸ್ ಕೇಂದ್ರಕ್ಕೆ ಕೊಟ್ಟರೆ ಏರ್‌ಬ್ಯಾಗ್ ಬದಲಿಸಿದ್ದಾರೆಯೇ ಎಂದು ತಿಳಿಯುತ್ತದೆ, ಮತ್ತು ಆ ಉತ್ತರ ಬರುವವರೆಗೆ ಮುಂಗಡ ಕೊಡಬಾರದು.