ಶಹಾಪುರದ ಸರಾಫ ಅಂಗಡಿಯಲ್ಲಿ ಹಳೆಯ ಬೆಳ್ಳಿ ರೂಪಾಯಿಗಳ ಖರೀದಿ: ಎರಡು ವರ್ಷದ ಅನುಭವ

ಬೆಳಗಾವಿಯ ಶಹಾಪುರ ಭಾಗದಲ್ಲಿ ಸರಾಫರ ಅಂಗಡಿಗಳು ಒತ್ತೊತ್ತಾಗಿರುವ ಓಣಿಯೊಂದರಲ್ಲಿ, ಆಭರಣಗಳ ಜೊತೆಗೆ ಹಳೆಯ ಬೆಳ್ಳಿ ನಾಣ್ಯಗಳನ್ನೂ ಮಾರುವ ಸಣ್ಣ ಅಂಗಡಿಯೊಂದಿದೆ. ಕಳೆದ ಎರಡು ವರ್ಷಗಳಲ್ಲಿ ಅಲ್ಲಿ ನಾನು ಹದಿನಾಲ್ಕು ನಾಣ್ಯಗಳನ್ನು ಕೊಂಡಿದ್ದೇನೆ. ಎರಡನ್ನು ಮರಳಿ ಕೊಟ್ಟಿದ್ದೇನೆ. ಕೆಳಗೆ ಅಂಗಡಿ, ಮೇಲೆ ವಾಸದ ಮನೆ. ಬೆಳ್ಳಿ ಇಷ್ಟು ತುಟ್ಟಿಯಾಗಿರುವಾಗ ತಮ್ಮಲ್ಲಿ ನಾಣ್ಯಗಳಿವೆಯೆಂದು ಊರಿಗೆಲ್ಲ ತಿಳಿಯುವುದು ಬೇಡವೆಂದು ಯಜಮಾನರು ಕೇಳಿಕೊಂಡಿರುವುದರಿಂದ ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ಅವರು ನಾಣ್ಯ ಮಾರುವ ಕ್ರಮವನ್ನು ಮಾತ್ರ ವಿವರವಾಗಿ ಬರೆಯಲೇಬೇಕು, ಏಕೆಂದರೆ ಆ ಕ್ರಮ ತಿಳಿದಿದ್ದರೆ ನಾನು ಮೊದಲು ಮೋಸ ಹೋಗುತ್ತಿರಲಿಲ್ಲ.

ಮೋಸದ ಕಥೆ ಹೀಗಿದೆ. ಅಜ್ಜಿಯ ದೇವರ ಜಗುಲಿಯಲ್ಲಿದ್ದ ಮೂರು ರಾಣಿ ಛಾಪ (ವಿಕ್ಟೋರಿಯಾ ರಾಣಿಯ ಮುಖವಿರುವ) ರೂಪಾಯಿಗಳು ನನ್ನ ಪಾಲಿಗೆ ಬಂದಾಗ, 1835ರ ವಿಲಿಯಂ ದೊರೆಯ ರೂಪಾಯಿಯಿಂದ ಹಿಡಿದು 1945ರ ಆರನೆಯ ಜಾರ್ಜ್ ರೂಪಾಯಿಯವರೆಗೆ ಒಂದು ಸಾಲನ್ನು ಪೂರ್ಣಗೊಳಿಸಬೇಕೆಂಬ ಆಸೆ ಹುಟ್ಟಿತು. ಮೊಬೈಲಿನಲ್ಲಿ ಕಂಡ ಮಾರಾಟಗಾರನೊಬ್ಬನಿಂದ ಐದು ನಾಣ್ಯ ತರಿಸಿದೆ. ಚಿತ್ರಗಳು ಫಳಫಳ ಹೊಳೆಯುತ್ತಿದ್ದವು, ತೂಕ ಮಾತ್ರ ಎಲ್ಲಿಯೂ ಬರೆದಿರಲಿಲ್ಲ. ಅದರಲ್ಲೊಂದು 1939ನೇ ಇಸವಿಯದು. ಸಂಗ್ರಾಹಕರು ಹುಡುಕಿಕೊಂಡು ಹೋಗುವ ಅಪರೂಪದ ಆ ವರ್ಷದ ನಾಣ್ಯ ಅಷ್ಟು ಅಗ್ಗಕ್ಕೆ ಏಕೆ ಸಿಗುತ್ತಿದೆ ಎಂಬ ಪ್ರಶ್ನೆ ಹಣ ಕಳಿಸುವ ಮೊದಲು ನನಗೆ ಹೊಳೆಯಲಿಲ್ಲ. ಪರಿಚಯದ ಪತ್ತಾರರೊಬ್ಬರು ಇವನ್ನು ಶಹಾಪುರದ ಈ ಅಂಗಡಿಯಲ್ಲಿ ತೋರಿಸಿರೆಂದರು.

ಯಜಮಾನರು ನಾಣ್ಯಗಳನ್ನು ಕೈಗೆ ತೆಗೆದುಕೊಂಡವರೇ ಡಿಜಿಟಲ್ ತಕ್ಕಡಿಯ ಮುಖವನ್ನು ನನ್ನ ಕಡೆ ತಿರುಗಿಸಿದರು. "ನೀವ ಓದ್ರಿ ಸರ, ನಾ ಹೇಳೂದು ಬ್ಯಾಡ," ಎಂದರು. ಮೂರು ನಾಣ್ಯಗಳು 11.5 ಗ್ರಾಮಿನ ಆಸುಪಾಸಿನಲ್ಲಿದ್ದವು. 1939ರದು 9.8 ಗ್ರಾಂ ತೂಗಿತು. ಐದನೆಯದು ಸರಿಯಾಗಿ 11.66 ತೂಗಿದಾಗ ನನಗೆ ಸಮಾಧಾನವಾಯಿತು; ಅವರಿಗೆ ಆಗಲಿಲ್ಲ. ರಾಣಿಯ ಕೆನ್ನೆ, ಕಿರೀಟಗಳು ಸವೆದು ನುಣ್ಣಗಾಗಿರುವ ನಾಣ್ಯವು ಟಂಕಸಾಲೆಯಿಂದ ಹೊರಬಂದ ದಿನದ ತೂಕವನ್ನೇ ತೂಗುವುದು ಹೇಗೆ ಎಂದು ಕೇಳಿದರು. ಕ್ಯಾಲಿಪರಿನಲ್ಲಿ ಹಿಡಿದು ನೋಡಿದರೆ ಅದು ಅಸಲಿ ನಾಣ್ಯಕ್ಕಿಂತ ದಪ್ಪವಾಗಿತ್ತು. 1939ರದು, ಐದನೆಯದು ಎರಡೂ ಜರ್ಮನ್ ಸಿಲ್ವರಿನಂತಹ ಲೋಹದವು, ಮೇಲೆ ಬೆಳ್ಳಿಯ ಮುಲಾಮು, ಅಂದರೆ ಲೇಪ. ಹೆಸರಿನಲ್ಲಿ ಬೆಳ್ಳಿಯಿದ್ದರೂ ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿಯೇ ಇರುವುದಿಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ.

ಈ ತೂಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬ್ರಿಟಿಷ್ ಕಾಲದ ರೂಪಾಯಿಯ ನಿಗದಿತ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಒಂದು ತೊಲವೂ ಅಷ್ಟೇ. ನಮ್ಮ ಹಿರಿಯರು ರೂಪಾಯಿಯನ್ನೇ ತೊಲದ ಕಲ್ಲಾಗಿ ತಕ್ಕಡಿಯಲ್ಲಿಡುತ್ತಿದ್ದುದು ಇದರಿಂದಲೇ. ಅದರ ವ್ಯಾಸ 30 ಮಿಲಿಮೀಟರಿಗಿಂತ ತುಸು ಹೆಚ್ಚು. ಬೆಳ್ಳಿಯು ತಾಮ್ರ, ಹಿತ್ತಾಳೆ, ಜರ್ಮನ್ ಸಿಲ್ವರ್ ಇವೆಲ್ಲಕ್ಕಿಂತ ಸಾಂದ್ರವಾದ ಲೋಹವಾದ್ದರಿಂದ ನಕಲಿ ಮಾಡುವವನು ಇಕ್ಕಟ್ಟಿಗೆ ಸಿಲುಕುತ್ತಾನೆ: ಗಾತ್ರ ಸರಿ ಮಾಡಿದರೆ ತೂಕ ಕಡಿಮೆ ಬೀಳುತ್ತದೆ, ತೂಕ ಸರಿ ಮಾಡಿದರೆ ದಪ್ಪ ಹೆಚ್ಚುತ್ತದೆ. ನನ್ನ ಎರಡು ನಕಲಿಗಳೂ ಈ ಎರಡು ದಾರಿಗಳಿಗೆ ಒಂದೊಂದು ಉದಾಹರಣೆಯಾಗಿದ್ದವು. ತೂಕವನ್ನೂ ಗಾತ್ರವನ್ನೂ ಒಟ್ಟಿಗೆ ನೋಡದೆ ಒಂದನ್ನೇ ನಂಬಿದವನು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿದಂತೆ.

ಅಂಗಡಿಯಲ್ಲಿ ಮುಂದಿನ ಹಂತ ಭೂತಗನ್ನಡಿ. ಟಂಕಸಾಲೆಯ ನಾಣ್ಯವನ್ನು ಉಕ್ಕಿನ ಅಚ್ಚುಗಳ ನಡುವೆ ಒತ್ತಿ ಮಾಡಿರುತ್ತಾರೆ. ಅಕ್ಷರಗಳ ಅಂಚು ಚೂಪಾಗಿರುತ್ತದೆ, ಬಯಲು ಭಾಗ ನಯವಾಗಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳು ಕಾಣುತ್ತವೆ, ಅಕ್ಷರಗಳು ಸಾಬೂನಿನ ಮೇಲೆ ಕೊರೆದಂತೆ ಮೊಂಡಾಗಿರುತ್ತವೆ, ಅಂಚಿನ ಹಲ್ಲುಗಳ ನಡುವೆ ಎರಡು ಅರ್ಧಗಳು ಕೂಡಿದ ಗೆರೆಯೊಂದು ಸುತ್ತು ಹಾಕಿರುತ್ತದೆ. ಆ ಗೆರೆಯನ್ನು ಅರದಿಂದ ಉಜ್ಜಿದ್ದರೆ ಆ ಜಾಗದಲ್ಲಿ ಹಲ್ಲುಗಳೇ ಮಾಯವಾಗಿರುತ್ತವೆ. ಯಜಮಾನರು ಮುಖಕ್ಕಿಂತ ಹೆಚ್ಚು ಹೊತ್ತು ಅಂಚನ್ನೇ ನೋಡುತ್ತಾರೆ, ಮತ್ತು ಗಿರಾಕಿಯ ಕೈಗೂ ಭೂತಗನ್ನಡಿ ಕೊಡುತ್ತಾರೆ. ನಮ್ಮ ಭಾಗದಲ್ಲಿ ಸರಕ್ಕೆ ಪೋಣಿಸಲು ರೂಪಾಯಿಗೆ ಕೊಂಡಿ ಬೆಸೆಯುವ ಪದ್ಧತಿ ಇದ್ದುದರಿಂದ, ಕೊಂಡಿ ಕಿತ್ತು ಬೆಸುಗೆಯ ಗುರುತನ್ನು ಉಜ್ಜಿ ಮುಚ್ಚಿದ ನಾಣ್ಯಗಳು ಇಲ್ಲಿ ಧಾರಾಳವಾಗಿ ಸಿಗುತ್ತವೆ. ಅವು ನಕಲಿಯಲ್ಲ, ಆದರೆ ಸಂಗ್ರಹಕ್ಕೆ ಅವುಗಳ ಬೆಲೆ ತುಂಬ ಕಡಿಮೆ. ಈ ಅಂಗಡಿಯಲ್ಲಿ ಅಂತಹವನ್ನು ಬೇರೆ ಡಬ್ಬಿಯಲ್ಲಿಟ್ಟು, ಬೆಳ್ಳಿಯ ದರಕ್ಕೇ ಕೊಡುತ್ತಾರೆ. ಅಯಸ್ಕಾಂತವೂ ಅವರಲ್ಲಿದೆ, ಅದಕ್ಕೆ ಅಂಟಿದ್ದು ಬೆಳ್ಳಿಯಲ್ಲ ಎಂಬುದು ಖಚಿತ, ಅಂಟದ್ದೆಲ್ಲ ಬೆಳ್ಳಿ ಎನ್ನಲಾಗದು.

ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ ಬೆಲೆ ಹೇಳುವ ರೀತಿ. 1939ರವರೆಗಿನ ರೂಪಾಯಿಗಳಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿಯಿದೆ. ಅಂದರೆ ಒಂದು ನಾಣ್ಯದಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ಯುದ್ಧಕಾಲದಲ್ಲಿ, 1940ರಿಂದ, ಸರ್ಕಾರ ಅದನ್ನು ಅರ್ಧಕ್ಕೆ ಇಳಿಸಿತು. ಉಳಿದರ್ಧದಲ್ಲಿ ತಾಮ್ರ, ನಿಕ್ಕಲ್ ಮತ್ತು ಸತುವು. ಹೀಗಾಗಿ 1942ರ ರೂಪಾಯಿಯಲ್ಲಿರುವುದು 5.83 ಗ್ರಾಂ ಬೆಳ್ಳಿ ಮಾತ್ರ. 1947ರ ರೂಪಾಯಿ ಪೂರ್ತಿ ನಿಕ್ಕಲ್, ಅದರಲ್ಲಿ ಬೆಳ್ಳಿಯ ಅಂಶವೇ ಇಲ್ಲ. ಅನೇಕ ಕಡೆ "ಹಳೇ ಬೆಳ್ಳಿ ರೂಪಾಯಿ" ಎಂದು ಎಲ್ಲವನ್ನೂ ಒಂದೇ ತಟ್ಟೆಯಲ್ಲಿಟ್ಟು ಒಂದೇ ಬೆಲೆಗೆ ಮಾರುತ್ತಾರೆ, ಮತ್ತು ತಿಳಿಯದವರು 1917ರ ನಾಣ್ಯದ ಬೆಲೆ ತೆತ್ತು 1942ರ ನಾಣ್ಯ ಮನೆಗೆ ತರುತ್ತಾರೆ. ಇದನ್ನು ನಾನು ನಕಲಿ ನಾಣ್ಯದಷ್ಟೇ ದೊಡ್ಡ ನಷ್ಟವೆಂದು ಎಣಿಸುತ್ತೇನೆ, ಏಕೆಂದರೆ ಇಲ್ಲಿ ನಾಣ್ಯ ಅಸಲಿಯಾದ್ದರಿಂದ ದೂರು ಕೊಡಲು ದಾರಿಯೇ ಇರುವುದಿಲ್ಲ. ಈ ಅಂಗಡಿಯಲ್ಲಿ ಆ ದಿನದ ಬೆಳ್ಳಿಯ ದರವನ್ನು ಹಲಗೆಯ ಮೇಲೆ ಬರೆದು, ನಾಣ್ಯದೊಳಗಿನ ಬೆಳ್ಳಿಯ ಬೆಲೆ ಇಷ್ಟು, ಅದರ ಇಸವಿ ಮತ್ತು ಸ್ಥಿತಿಗೆ ಮೇಲೆ ಇಷ್ಟು ಎಂದು ಎರಡನ್ನೂ ಬೇರೆ ಬೇರೆಯಾಗಿ ಹೇಳುತ್ತಾರೆ. ಮೇಲಿನ ಮೊತ್ತ ಬೇರೆ ಕಡೆಗಿಂತ ಸ್ವಲ್ಪ ಹೆಚ್ಚೇ ಇರುತ್ತದೆ. ಆ ಹೆಚ್ಚಿನ ಹಣವನ್ನು ನಾನು ಕೊರಗಿಲ್ಲದೆ ಕೊಟ್ಟಿದ್ದೇನೆ.

ಏಕೆಂದರೆ ಅದರ ಜೊತೆಗೆ ಬರುವ ಬಿಲ್ಲು ನಿಜವಾದ ಬಿಲ್ಲು. ದೊರೆಯ ಹೆಸರು, ಇಸವಿ, ಟಂಕಸಾಲೆ, ನೂರನೇ ಒಂದು ಗ್ರಾಮಿನವರೆಗೆ ತೂಕ, ಬೆಳ್ಳಿಯ ಪ್ರಮಾಣ, ಜಿಎಸ್‌ಟಿ ಎಲ್ಲವೂ ಅದರಲ್ಲಿರುತ್ತವೆ. ಕೆಳಗೆ, ನಾಣ್ಯ ನಕಲಿಯೆಂದು ಯಾವಾಗ ಸಾಬೀತಾದರೂ ಹಣ ಮರಳಿ ಕೊಡುತ್ತೇವೆಂಬ ಕೈಬರಹದ ಸಾಲು ಮತ್ತು ಸಹಿ. ಐದನೆಯ ಜಾರ್ಜ್ ರೂಪಾಯಿಗಳಲ್ಲಿ ಮುಂಬಯಿ ಟಂಕಸಾಲೆಯದಾದರೆ ಹಿಂಬದಿಯ ಕೆಳಗಿನ ಕಮಲದ ಬಳಿ ಸಣ್ಣ ಉಬ್ಬು ಚುಕ್ಕೆ ಇರುತ್ತದೆ, ಕಲಕತ್ತೆಯದಾದರೆ ಇರುವುದಿಲ್ಲ. ಈ ಚುಕ್ಕೆಯನ್ನು ನೋಡಿ ಬಿಲ್ಲಿನಲ್ಲಿ ಬರೆದುಕೊಡುವ ಬೇರೆ ಅಂಗಡಿಯನ್ನು ನಮ್ಮ ಊರಿನಲ್ಲಿ ನಾನು ಕಂಡಿಲ್ಲ. ನಾನು ಮರಳಿಸಿದ ಎರಡು ನಾಣ್ಯಗಳಲ್ಲಿ ಒಂದು 1862ರ ರಾಣಿ ಛಾಪ. ಮನೆಗೆ ಬಂದು ನೀರಿನ ಪರೀಕ್ಷೆ ಮಾಡಿದಾಗ ಅನುಮಾನ ಬಂತು. ತಕರಾರಿಲ್ಲದೆ ಅಂದೇ ಹಣ ಕೊಟ್ಟರು. ಇನ್ನೊಂದರಲ್ಲಿ ಬೆಸುಗೆಯ ಗುರುತಿತ್ತು, ಅವರ ಕಣ್ಣಿಗೂ ತಪ್ಪಿತ್ತು.

ನೀರಿನ ಪರೀಕ್ಷೆಯನ್ನು ಅಂಗಡಿಯಲ್ಲಿ ಮಾಡಿಕೊಡುವುದಿಲ್ಲ. ಗಿರಾಕಿಗಳ ಗದ್ದಲದಲ್ಲಿ ಆಗುವುದಿಲ್ಲವೆನ್ನುತ್ತಾರೆ. ಇದನ್ನು ನಾನು ಕೊರತೆಯೆಂದೇ ಭಾವಿಸುತ್ತೇನೆ. ಮನೆಯಲ್ಲಿ ಮಾಡುವವರು ತಕ್ಕಡಿಯ ಮೇಲೆ ನೀರಿನ ಲೋಟವಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ತೆಳು ದಾರದಲ್ಲಿ ಕಟ್ಟಿ, ತಳಕ್ಕೂ ಗೋಡೆಗೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಬೇಕು. ಆಗ ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಹಳೆಯ ರೂಪಾಯಿಗೆ 10.3ರ ಸಮೀಪ, 1940ರ ನಂತರದ್ದಕ್ಕೆ 9.5ರ ಸಮೀಪ ಉತ್ತರ ಬರಬೇಕು. 8.7ರ ಸುತ್ತ ಬಂದರೆ ಆ ನಾಣ್ಯದಲ್ಲಿ ಬೆಳ್ಳಿಯನ್ನು ಹುಡುಕಬೇಕಾಗಿಲ್ಲ. ಚಿನ್ನ ಪರೀಕ್ಷಿಸುವ ಕ್ಷ-ಕಿರಣದ ಯಂತ್ರ ಹಲವು ಸರಾಫರಲ್ಲಿದೆ, ಆದರೆ ಅದು ಓದುವುದು ಮೇಲ್ಪದರವನ್ನು. ದಪ್ಪನೆಯ ಮುಲಾಮಿದ್ದರೆ ಅದೂ ಏಮಾರುತ್ತದೆ. ಒರೆಗಲ್ಲು ಮತ್ತು ಆಮ್ಲದ ಪರೀಕ್ಷೆಗೆ ಮಾತ್ರ ಸಂಗ್ರಹದ ನಾಣ್ಯವನ್ನು ಎಂದೂ ಕೊಡಬಾರದು, ಗಾಯವಾದ ನಾಣ್ಯ ಗಾಯವಾದದ್ದೇ.

ಅಂಗಡಿಯ ದೊಡ್ಡ ದೋಷ ಬೇರೆಯಿದೆ. ದೀಪಾವಳಿ ಹತ್ತಿರವಾದಾಗ ಲಕ್ಷ್ಮೀಪೂಜೆಗೆ ರೂಪಾಯಿ ಕೇಳುವವರೇ ಹೆಚ್ಚಾಗುವುದರಿಂದ, ಕಪ್ಪಗಾದ ನಾಣ್ಯಗಳನ್ನು ರಾಶಿಯಾಗಿ ಉಜ್ಜಿ ಬೆಳಗಿಸಿಬಿಡುತ್ತಾರೆ. ಪೂಜೆಗೆ ಅದು ಸರಿ. ಸಂಗ್ರಾಹಕನಿಗೆ ನೂರು ವರ್ಷದಲ್ಲಿ ತಾನಾಗಿ ಕೂತ ಆ ಕಪ್ಪು ಬಣ್ಣವೇ ನಾಣ್ಯದ ವಯಸ್ಸಿಗೆ ಸಾಕ್ಷಿ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದರಿಂದ ಉಜ್ಜಿದರೂ ಬಯಲಿನ ಮೇಲೆ ಕೂದಲೆಳೆಯಂತಹ ಗೀರುಗಳು ಉಳಿದುಬಿಡುತ್ತವೆ. ಕಳೆದ ವರ್ಷ ಎಡ್ವರ್ಡ್ ದೊರೆಯ ಸುಂದರವಾದ ನಾಣ್ಯವೊಂದು ಹೀಗೆ ಹಾಳಾದುದನ್ನು ನೋಡಿ ನಿಜವಾಗಿಯೂ ಸಂಕಟವಾಯಿತು. ಆದ್ದರಿಂದ ಅಲ್ಲಿಗೆ ಹೋಗುವವರು ದಸರೆಗಿಂತ ಮುಂಚೆ ಹೋಗಿ, "ತೊಳೆಯದ್ದು ತೋರಸ್ರಿ" ಎಂದು ಕೇಳಬೇಕು.

ಮರಾಠರ ಮತ್ತು ಆದಿಲಶಾಹಿಗಳ ಕಾಲದ ನಾಣ್ಯಗಳ ವಿಷಯದಲ್ಲಿಯೂ ಈ ಅಂಗಡಿಯನ್ನು ಪೂರ್ತಿ ನೆಚ್ಚಿಕೊಳ್ಳಲಾರೆ. ಬಾಗಲಕೋಟೆಯ ಟಂಕಸಾಲೆಯ ಮಲ್ಹಾರಶಾಹಿ ರೂಪಾಯಿ, ವಿಜಯಪುರದ ಎರಡನೆಯ ಅಲಿ ಆದಿಲಶಾಹನ ಹೆಸರಿನ ಲಾರಿ, ಇವು ನಮ್ಮದೇ ನೆಲದ ಇತಿಹಾಸವಾದ್ದರಿಂದ ನನಗೂ ಅವುಗಳ ಮೇಲೆ ಆಸೆಯಿದೆ. ಲಾರಿಯೆಂಬುದು ಬೆಳ್ಳಿಯ ತಂತಿಯನ್ನು ಕೂದಲ ಪಿನ್ನಿನಂತೆ ಮಡಚಿ ಛಾಪು ಒತ್ತಿದ ನಾಣ್ಯ. ಕೈಯಿಂದ ಬಡಿದು ಮಾಡಿದ ಇಂತಹ ನಾಣ್ಯಗಳು ಒಂದರಂತೆ ಇನ್ನೊಂದಿರುವುದಿಲ್ಲ, ಅಂಚಿನ ಹಲ್ಲುಗಳ ಸಾಕ್ಷಿಯೂ ಇಲ್ಲ. ಅಸಲಿ ಬೆಳ್ಳಿಯಲ್ಲೇ ನಕಲಿ ಮಾಡಿದರೆ ತೂಕ ನೋಡಿ ಪ್ರಯೋಜನವಿಲ್ಲ. ಯಜಮಾನರೂ ಇದನ್ನು ಒಪ್ಪಿಕೊಂಡು, ಇವನ್ನು ಬೆಂಗಳೂರು, ಮುಂಬಯಿಗಳ ನಾಣ್ಯ ಹರಾಜು ಸಂಸ್ಥೆಗಳಲ್ಲಿ ಕೊಳ್ಳಿರೆಂದು ಹೇಳುತ್ತಾರೆ. ನಾಸಿಕದ ಬಳಿಯ ಅಂಜನೇರಿಯಲ್ಲಿರುವ ನಾಣ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ಸಂಗ್ರಹಾಲಯದಲ್ಲಿ ಅಸಲಿ ನಾಣ್ಯಗಳನ್ನು ಕಣ್ತುಂಬ ನೋಡಿ ಬಂದ ಮೇಲೆಯೇ ನಾನು ಆ ಕಡೆ ಕೈ ಹಾಕುವವನಿದ್ದೇನೆ.

ಕೆಲವನ್ನು ಅವರು ಮಾರುವುದೇ ಇಲ್ಲ. ಹೊಲದಲ್ಲಿ ಸಿಕ್ಕಿತೆಂದು ಗಡಿಗೆಯ ನಾಣ್ಯ ತಂದವರಿಗೆ, ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂದು ಹೇಳಿ ಕಳಿಸುತ್ತಾರೆ. ದುಬೈಯಲ್ಲಿರುವ ಮಗನಿಗೆ ರಾಣಿ ಛಾಪ ಕಳಿಸಬೇಕೆಂದಿದ್ದ ಒಬ್ಬರಿಗೆ, ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪ್ರಾಚೀನ ವಸ್ತುವಾಗುತ್ತದೆ, ದೇಶದ ಹೊರಗೆ ಒಯ್ಯುವಂತಿಲ್ಲವೆಂದು ನನ್ನೆದುರಿಗೇ ತಿಳಿಸಿ ವ್ಯಾಪಾರ ಬಿಟ್ಟರು. 1818ನೇ ಇಸವಿ, ಈಸ್ಟ್ ಇಂಡಿಯಾ ಕಂಪನಿಯ ಹೆಸರು, ರಾಮ ದರಬಾರದ ಚಿತ್ರ ಇರುವ ಬಿಲ್ಲೆಗಳನ್ನು ಲಕ್ಷಗಟ್ಟಲೆ ಬೆಲೆಯವೆಂದು ನಂಬಿ ತರುವವರು ಇಂದಿಗೂ ಇದ್ದಾರೆ. ಕಂಪನಿ ಅಂತಹ ನಾಣ್ಯವನ್ನು ಹೊರಡಿಸಿಯೇ ಇಲ್ಲ. ಹಳೆಯ ನಾಣ್ಯ ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಕಮಿಷನ್ ಕೇಳುವವರ ಬಗ್ಗೆ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿತ್ತು, ಆ ಪ್ರಕಟಣೆಯ ಪ್ರತಿಯನ್ನು ಯಜಮಾನರು ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಗೆ ಅಂಟಿಸಿದ್ದಾರೆ.

ಸ್ವಾತಂತ್ರ್ಯಾನಂತರದ ಸ್ಮರಣಾರ್ಥ ನಾಣ್ಯಗಳಲ್ಲಿ 1969ರ ಗಾಂಧಿ ಹತ್ತು ರೂಪಾಯಿ, 15 ಗ್ರಾಂ ತೂಕದ್ದು, ನೂರಕ್ಕೆ ಎಂಬತ್ತು ಬೆಳ್ಳಿ, ಇಲ್ಲಿ ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತದೆ. ಹೊಸ ಸ್ಮರಣಾರ್ಥ ನಾಣ್ಯ ಬೇಕಾದವರು ಭಾರತ ಸರ್ಕಾರದ ಟಂಕಸಾಲೆಯ ಜಾಲತಾಣದಲ್ಲಿ ನೇರವಾಗಿ ಕಾಯ್ದಿರಿಸುವುದೇ ಲೇಸು. ತಿಂಗಳುಗಟ್ಟಲೆ ಕಾಯಬೇಕಾಗಬಹುದು, ಆದರೆ ನಕಲಿಯ ಚಿಂತೆ ಇರುವುದಿಲ್ಲ.

ಮರಳಿ ಮಾರಲು ಹೋದರೆ ಈ ಅಂಗಡಿಯವರು ಬೆಳ್ಳಿಯ ದರಕ್ಕಿಂತ ಹೆಚ್ಚು ಕೊಡುವುದಿಲ್ಲವೆಂಬುದನ್ನೂ ಕೊಳ್ಳುವ ಮೊದಲೇ ತಿಳಿದಿರಬೇಕು. ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಓಣಿಗೆ ಬೀಳುವ ಬಿಸಿಲಿನಲ್ಲಿ ನಾಣ್ಯ ಹಿಡಿದು ನೋಡಬಹುದು, ಒಳಗಿನ ದೀಪಗಳು ಆಭರಣ ಹೊಳೆಯಲೆಂದು ಹಾಕಿದವು. ಹೋದ ತಿಂಗಳು ಹಾಗೆಯೇ ಬಿಸಿಲಿನಲ್ಲಿ ನೋಡಿ 1917ರ ರೂಪಾಯಿಯೊಂದನ್ನು ಕೊಂಡೆ: ಮುಂಬಯಿ ಚುಕ್ಕೆ, ತೊಳೆಯದ್ದು, ಬಿಲ್ಲಿನಲ್ಲಿ 11.58 ಗ್ರಾಂ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಹಸಿರು ಜಿಡ್ಡು ಹಿಡಿಯುತ್ತದೆಂದು ಅವರೇ ಕಾಗದದ ಲಕೋಟೆಯಲ್ಲಿಟ್ಟು, ಮೇಲೆ ತೂಕವನ್ನು ಪೆನ್ಸಿಲಿನಿಂದ ಬರೆದುಕೊಟ್ಟರು.